ತೇವಾಂಶ 95%, ಆಕಾಶದ ತುಂಬ ಮೋಡ, ಆದ್ರೂ ಒಂದು ಹನಿ ಇಲ್ಲ. ಯಾಕೆ?

ಕೊಡೆಮರೆತವ:

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ನಿನ್ನೆ ಬೆಳಗ್ಗೆ ಫೋನಿನಲ್ಲಿ ಹವಾಮಾನ ನೋಡಿದೆ. 20 ಡಿಗ್ರಿ, ತೇವಾಂಶ 95%. ತಲೆ ಎತ್ತಿ ನೋಡಿದರೆ ಒಂದು ಚೂರೂ ನೀಲಿ ಕಾಣದ ಹಾಗೆ ಬೂದು ಮೋಡ. ಇವತ್ತು ಮಳೆ ಗ್ಯಾರಂಟಿ ಅಂತ ಕೊಡೆ ಹಿಡಿದುಕೊಂಡೇ ಹೊರಟೆ. ಸಂಜೆವರೆಗೂ ಒಂದು ಹನಿ ಬೀಳಲಿಲ್ಲ. ಹೋದ ವಾರ ಇದರ ಉಲ್ಟಾ. ಮಧ್ಯಾಹ್ನ 35 ಡಿಗ್ರಿ, ಬಿಸಿಲು ಚುರ್ ಅನ್ನುತ್ತಿತ್ತು, ತೇವಾಂಶ ಬರೀ 50%, ಕೊಡೆ ಮನೆಯಲ್ಲಿತ್ತು. ನಾಲ್ಕು ಗಂಟೆಗೆ ಅದೆಲ್ಲಿಂದಲೋ ಒಂದು ಕರಿಮೋಡ ಎದ್ದು ಅರ್ಧ ಗಂಟೆ ಚಚ್ಚಿಬಿಟ್ಟಿತು.

ಶಾಲೆಯಲ್ಲಿ ಹೇಳಿಕೊಟ್ಟಿದ್ದು ನೆನಪಿದೆ. ಸಮುದ್ರದ ನೀರು ಆವಿಯಾಗುತ್ತದೆ, ಮೇಲೆ ಹೋಗಿ ತಣ್ಣಗಾಗಿ ಮೋಡವಾಗುತ್ತದೆ, ಮೋಡ ಭಾರವಾದಾಗ ಮಳೆಯಾಗಿ ಬೀಳುತ್ತದೆ. ಭಾರವಾದಾಗ ಅಂದರೆ ಅಲ್ಲಿಯವರೆಗೆ ಭಾರ ಇರಲಿಲ್ಲವಾ? ಅದೂ ನೀರೇ ತಾನೆ? ಇನ್ನು ತೇವಾಂಶ 100% ಅಂದರೆ ಗಾಳಿ ಪೂರ್ತಿ ನೀರು ಅಂತಲ್ವಾ, ಆಗಲಾದರೂ ಮಳೆ ಬರಲೇಬೇಕಲ್ವಾ?

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಬಾಣ ಹಾಕಿದ ಆ ವೃತ್ತದ ಚಿತ್ರ ಮಾತ್ರ ದಯವಿಟ್ಟು ಕಳಿಸಬೇಡಿ, ಅದನ್ನು ಬರೆದೇ ಐದು ಅಂಕ ತಗೊಂಡಿದ್ದೀನಿ, ಅರ್ಥ ಆಗಿರಲಿಲ್ಲ ಅಷ್ಟೇ.


ಹನಿಲೆಕ್ಕ:

ಮೊದಲು ಆ ಶೇಕಡಾ ವಿಷಯ ಮುಗಿಸಿಬಿಡೋಣ. ಅರ್ಧ ಗೊಂದಲ ಅಲ್ಲೇ ಇದೆ.

95% ಅಂದರೆ ಗಾಳಿಯಲ್ಲಿ 95 ಪಾಲು ನೀರು ಅಂತ ಅಲ್ಲ. ಆ ಹೊತ್ತಿನ ಬಿಸಿಗೆ ಗಾಳಿಯಲ್ಲಿ ಎಷ್ಟು ಆವಿ ಇರಬಹುದೋ, ಅದರಲ್ಲಿ ನೂರಕ್ಕೆ 95 ಪಾಲು ಈಗ ಇದೆ ಅಂತ. ಈ "ಎಷ್ಟು ಇರಬಹುದು" ಅನ್ನುವುದು ಬಿಸಿ ಏರಿದ ಹಾಗೆ ಜೋರಾಗಿ ಏರುತ್ತದೆ. ಒಂದು ಘನ ಮೀಟರ್ ಗಾಳಿಯ ಲೆಕ್ಕ ತಗೊಳ್ಳಿ. 0 ಡಿಗ್ರಿಯಲ್ಲಿ ಅದರಲ್ಲಿ ಹೆಚ್ಚೆಂದರೆ 5 ಗ್ರಾಂ ಆವಿ ಇರಬಹುದು. 10 ಡಿಗ್ರಿಗೆ 9 ಗ್ರಾಂ, 20ಕ್ಕೆ 17, 30ಕ್ಕೆ 30, 35ಕ್ಕೆ ಹತ್ತಿರ ಹತ್ತಿರ 40. ಹತ್ತು ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ ಎರಡು ದಿನ ನೋಡೋಣ. ನಿನ್ನೆ 17 ಗ್ರಾಮಿನಲ್ಲಿ 95%, ಅಂದರೆ 16 ಗ್ರಾಂ ಚಿಲ್ಲರೆ. ಹೋದ ವಾರ 40ರಲ್ಲಿ ಅರ್ಧ, ಅಂದರೆ 20 ಗ್ರಾಂ. "ಬರೀ 50%" ಅಂತ ನೀವು ಕಡೆಗಣಿಸಿದ ದಿನವೇ ಗಾಳಿಯಲ್ಲಿ ನೀರು ಜಾಸ್ತಿ ಇತ್ತು!

ಹಾಗಾಗಿ ಮಳೆ ಲೆಕ್ಕ ಹಾಕುವವರು ಶೇಕಡಾ ನೋಡುವುದಕ್ಕಿಂತ ಇಬ್ಬನಿ ಬಿಂದು ನೋಡುತ್ತಾರೆ. ಇರುವ ಆವಿಯನ್ನು ಹಾಗೇ ಬಿಟ್ಟು ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಎಷ್ಟು ಡಿಗ್ರಿಗೆ 100% ಮುಟ್ಟುತ್ತದೋ ಅದೇ ಇಬ್ಬನಿ ಬಿಂದು. ನಿಮ್ಮ 35 ಡಿಗ್ರಿ ಮಧ್ಯಾಹ್ನಕ್ಕೆ ಅದು ಸುಮಾರು 23. ನಿನ್ನೆ ಬೆಳಗ್ಗೆಗೆ 19 ಚಿಲ್ಲರೆ. ಹವಾಮಾನದ ಆ್ಯಪ್‌ಗಳಲ್ಲಿ ಇದೂ ಇರುತ್ತದೆ, ಮೂಲೆಯಲ್ಲೆಲ್ಲೋ ಕೂತಿರುತ್ತದೆ.

ಇನ್ನೊಂದು ಮಾತು. ಫೋನ್ ಹೇಳುವುದು ನೆಲದ ಹತ್ತಿರದ ಗಾಳಿಯ ವಿಷಯ. ನೆಲದ ಹತ್ತಿರ 100% ಆದರೆ ನಿಮಗೆ ಸಿಗುವುದು ಮಂಜು ಅಥವಾ ಇಬ್ಬನಿ. ಮಳೆ ಆಗಬೇಕಾದರೆ ಮೇಲೆ ನಡೆಯಬೇಕಾದ ಕೆಲಸ ತುಂಬ ಇದೆ.


ಗುಡುಗಪ್ಪ:

ಇಷ್ಟೆಲ್ಲ ಯಾಕೆ ಸಾರ್. ಮೋಡಕ್ಕೂ ಮೋಡಕ್ಕೂ ಡಿಕ್ಕಿ ಆದರೆ ಗುಡುಗು, ಮಳೆ. ನಿನ್ನೆ ಒಂದೇ ಮೋಡ ಹರಡಿಕೊಂಡಿತ್ತು, ಡಿಕ್ಕಿ ಹೊಡೆಯಲು ಇನ್ನೊಂದು ಇರಲಿಲ್ಲ. ಮುಗೀತು.


ಆಕಾಶನೋಡುವವಳು:

@ಗುಡುಗಪ್ಪ ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದರು, ಕೇಳಲು ಚೆನ್ನಾಗಿದೆ. ಆದರೆ ಮೋಡ ಡಿಕ್ಕಿ ಹೊಡೆಯುವಂಥ ಗಟ್ಟಿ ವಸ್ತು ಅಲ್ಲ. ಎರಡು ಮಂಜಿನ ಮುದ್ದೆ ಒಂದರೊಳಗೊಂದು ಸೇರಿಹೋಗುತ್ತವೆ, ಸದ್ದು ಎಲ್ಲಿಂದ ಬರಬೇಕು? ಗುಡುಗು ಬರುವುದು ಮಿಂಚಿನಿಂದ. ಮಿಂಚು ಹೋದ ದಾರಿಯ ಗಾಳಿ ಒಂದೇ ಏಟಿಗೆ ವಿಪರೀತ ಬಿಸಿಯಾಗಿ ಸಿಡಿಯುತ್ತದೆ, ಆ ಸದ್ದು ಅದು. ಆದರೂ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಡಿಕ್ಕಿ ಆಗುತ್ತದೆ. ಮೋಡ ಮೋಡಕ್ಕಲ್ಲ, ಮೋಡದ ಒಳಗಿನ ಹನಿ ಹನಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೋಡ ಹೇಗಾಗುತ್ತದೆ ಅಂತ. ಕೆಟಲ್‌ನಲ್ಲಿ ನೀರು ಕುದಿಯುವಾಗ ಮೂತಿಯ ಹತ್ತಿರ ಸರಿಯಾಗಿ ನೋಡಿದ್ದೀರಾ? ಮೂತಿಗೆ ತಾಗಿಕೊಂಡು ಒಂದೆರಡು ಸೆಂಟಿಮೀಟರ್ ಏನೂ ಕಾಣುವುದಿಲ್ಲ. ಆಮೇಲೆ ಬಿಳಿ ಹೊಗೆ ಥರ ಶುರುವಾಗುತ್ತದೆ. ಏನೂ ಕಾಣದ ಆ ಜಾಗವೇ ನಿಜವಾದ ಆವಿ. ಬಿಳಿ ಕಾಣುವುದು ಆವಿ ಅಲ್ಲ, ತಣ್ಣಗಾಗಿ ಆಗಲೇ ಹನಿಯಾದ ನೀರು. ಮೋಡವೂ ಹಾಗೇ. ಮೋಡ ಅಂದರೆ ಆವಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ತಪ್ಪು. ಆವಿ ನಮ್ಮ ಸುತ್ತ ಈಗಲೂ ಇದೆ, ಕಾಣುವುದಿಲ್ಲ. ಕಂಡಿತು ಅಂದರೆ ಅದು ನೀರೋ ಮಂಜುಗಡ್ಡೆಯೋ ಆಗಿಬಿಟ್ಟಿದೆ.

ಹಾಗಾದರೆ ಗಾಳಿ ಯಾಕೆ ತಣ್ಣಗಾಗುತ್ತದೆ? "ಮೇಲೆ ಚಳಿ ಇರುತ್ತದೆ, ಅದಕ್ಕೆ" ಅನ್ನುವುದು ಅರ್ಧ ಉತ್ತರ, ಅದೂ ಸರಿಯಾದ ಅರ್ಧ ಅಲ್ಲ. ಸೈಕಲ್ ಟ್ಯೂಬಿನ ಪಿನ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದಲ್ಲ, ಅದೇ ಕತೆ. ಒತ್ತಡದಲ್ಲಿದ್ದ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತದೆ. ಮೇಲೆ ಹೋದ ಹಾಗೆ ಸುತ್ತಲಿನ ಒತ್ತಡ ಕಡಿಮೆ, ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗಲು ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಪ್ರತಿ ಕಿಲೋಮೀಟರ್‌ಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಇಬ್ಬನಿ ಬಿಂದುವೂ ಇಳಿಯುತ್ತದೆ, ಆದರೆ ಕಿಲೋಮೀಟರ್‌ಗೆ 2 ಡಿಗ್ರಿಗಿಂತ ಕಡಿಮೆ. ಒಂದು ಬೇಗ ಇಳಿಯುತ್ತದೆ, ಇನ್ನೊಂದು ನಿಧಾನ, ಎಲ್ಲೋ ಒಂದು ಕಡೆ ಎರಡೂ ಸೇರಲೇಬೇಕು. ಸೇರುವ ಎತ್ತರವೇ ಮೋಡದ ತಳ. ಅದಕ್ಕೇ ಬಿಸಿಲಿನ ದಿನದ ಹತ್ತಿ ಉಂಡೆಯಂಥ ಮೋಡಗಳಿಗೆಲ್ಲ ತಳ ಚಪ್ಪಟೆ, ಎಲ್ಲವೂ ಒಂದೇ ಎತ್ತರದಲ್ಲಿ, ಕಾಣದ ಗಾಜಿನ ಮೇಲೆ ಜೋಡಿಸಿಟ್ಟ ಹಾಗೆ.

ಲೆಕ್ಕವೂ ಸುಲಭ. ಗಾಳಿಯ ಬಿಸಿಗೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿ. ಹೋದ ವಾರದ ನಿಮ್ಮ ಮಧ್ಯಾಹ್ನ 35ರಲ್ಲಿ 23 ಕಳೆದರೆ 12. 12 ಗುಣಿಸು 125 ಅಂದರೆ 1500 ಮೀಟರ್. ಆ ಕರಿಮೋಡದ ತಳ ಹೆಚ್ಚುಕಡಿಮೆ ಅಲ್ಲಿ ಇದ್ದಿರಬೇಕು.


ಸಂಶಯಪಿಶಾಚಿ:

ಒಂದು ತಕರಾರು. ಮೇಲೆ ಹನಿಲೆಕ್ಕ ಅವರು ಸರಿಯಾಗಿಯೇ ಬರೆದಿದ್ದಾರೆ, ಆದರೆ ಇದನ್ನು ಓದಿ ಯಾರೋ ಒಬ್ಬರು "ಬಿಸಿ ಗಾಳಿ ದೊಡ್ಡ ಸ್ಪಂಜು, ತಣ್ಣನೆ ಗಾಳಿ ಚಿಕ್ಕ ಸ್ಪಂಜು" ಅಂತ ಹೇಳಿಯೇ ಹೇಳುತ್ತಾರೆ. ಗಾಳಿ ನೀರನ್ನು ಹಿಡಿದುಕೊಂಡಿರುವುದಿಲ್ಲ. ಗಾಳಿಯೇ ಇಲ್ಲದ ಖಾಲಿ ಡಬ್ಬಿಯಲ್ಲಿ ನೀರಿಟ್ಟರೂ ಅದೇ ಬಿಸಿಗೆ ಹೆಚ್ಚುಕಡಿಮೆ ಅಷ್ಟೇ ಆವಿ ತುಂಬಿಕೊಳ್ಳುತ್ತದೆ. ನಡೆಯುವುದು ಇಷ್ಟು. ನೀರಿನ ಕಣಗಳು ಹನಿಯಿಂದ ಹಾರಿ ಹೋಗುತ್ತಲೂ ಇರುತ್ತವೆ, ಹೊರಗಿನವು ಬಂದು ಅಂಟುತ್ತಲೂ ಇರುತ್ತವೆ. ಬಿಸಿ ಇದ್ದರೆ ಹಾರುವವರು ಜಾಸ್ತಿ, ತಣ್ಣಗಾದರೆ ಹಾರುವವರು ಕಡಿಮೆಯಾಗಿ ಅಂಟುವವರ ಕೈ ಮೇಲಾಗುತ್ತದೆ. ಹನಿ ಬೆಳೆಯುತ್ತದೆ. ಅಷ್ಟೇ.

ಇನ್ನು ಆ ಬಾಟಲಿ ಪ್ರಯೋಗ ಯಾರೂ ಹೇಳಲಿಲ್ಲವಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬಿಸಿ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಕುಲುಕಿ. ಬಾಟಲಿಯನ್ನು ಗಟ್ಟಿಯಾಗಿ ಹಿಸುಕಿ ಫಕ್ಕನೆ ಬಿಡಿ. ಒಳಗೆ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ. ಈಗ ಒಂದು ಬೆಂಕಿಕಡ್ಡಿ ಗೀರಿ, ಆರಿಸಿ, ಆ ಹೊಗೆ ಒಂದು ಚೂರು ಬಾಟಲಿಯೊಳಗೆ ಹೋಗಲು ಬಿಡಿ. ಮುಚ್ಚಳ ಹಾಕಿ ಮತ್ತೆ ಹಿಸುಕಿ, ಬಿಡಿ. ಒಳಗೆ ಬೆಳ್ಳಗೆ ಮೋಡ! ಮತ್ತೆ ಹಿಸುಕಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ನಾನು ಮೊದಲ ಸಲ ಮಾಡಿದಾಗ ಹುಚ್ಚನ ಹಾಗೆ ಹತ್ತು ನಿಮಿಷ ಅದನ್ನೇ ಮಾಡುತ್ತಾ ಕೂತಿದ್ದೆ.

ಹೊಗೆ ಯಾಕೆ ಬೇಕು ಅಂದರೆ, ಆವಿಗೆ ಕೂರಲು ಒಂದು ಆಸರೆ ಬೇಕು. ಬರೀ ಆವಿಯ ಕಣಗಳು ತಾವೇ ಸೇರಿ ಹನಿ ಕಟ್ಟಬೇಕಾದರೆ ತೇವಾಂಶ 100 ಅಲ್ಲ, ನೂರರ ಎಷ್ಟೋ ಪಟ್ಟು ಆಗಬೇಕು, ಹೊರಗಿನ ಗಾಳಿಯಲ್ಲಿ ಹಾಗಾಗುವುದೇ ಇಲ್ಲ. ಧೂಳು, ಹೊಗೆ, ಸಮುದ್ರದ ತೆರೆ ಒಡೆದಾಗ ಹಾರುವ ಉಪ್ಪಿನ ಪುಡಿ, ಇವು ಇದ್ದರೆ 100 ದಾಟಿ ಒಂದು ಶೇಕಡಾದೊಳಗೇ ಕೆಲಸ ಮುಗಿಯುತ್ತದೆ. 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಇದನ್ನೇ ಹಿಡಿದು ಕೂತರು, ಗಾಳಿಯ ಧೂಳಿನ ಕಣ ಎಣಿಸುವ ಸಾಧನವನ್ನೇ ಮಾಡಿದರು. ಅಂದರೆ ನೀವು ನೋಡಿದ ಪ್ರತಿಯೊಂದು ಮೋಡದ ಪ್ರತಿಯೊಂದು ಹನಿಯ ನಡುವೆಯೂ ಒಂದು ಕಸದ ಚೂರು ಇದೆ (ಅಥವಾ ಕರಗಿಹೋಗಿದೆ).


ಕೊಡೆಮರೆತವ:

ಅಬ್ಬಾ, ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಥ್ಯಾಂಕ್ಸ್. ಬಾಟಲಿ ಮೋಡ ಈಗಷ್ಟೇ ಮಾಡಿ ನೋಡಿದೆ, ಎರಡನೇ ಸಲಕ್ಕೆ ಬಂತು. ಮೋಡ ಹೇಗಾಗುತ್ತದೆ ಅನ್ನುವುದು ಗೊತ್ತಾಯಿತು. ಆದರೆ ನನ್ನ ಮುಖ್ಯ ಪ್ರಶ್ನೆ ಹಾಗೇ ಉಳಿದಿದೆಯಲ್ಲ. ನಿನ್ನೆ ಮೋಡ ಆಗಿತ್ತು. ಹನಿಯೂ ಇತ್ತು ಅಂತಾಯಿತು. ಮತ್ತೆ ಬೀಳಲಿಲ್ಲ ಯಾಕೆ? ನೀರು ಮೇಲೆ ಹೇಗೆ ನಿಂತಿರುತ್ತದೆ?


ಆಕಾಶನೋಡುವವಳು:

ಹಾ, ಇದೇ ಅಸಲಿ ಪ್ರಶ್ನೆ. ಮೋಡ ಆಗುವುದು ಸುಲಭ. ಮಳೆ ಆಗುವುದು ಕಷ್ಟ. ಆಕಾಶದಲ್ಲಿ ಕಾಣುವ ಮೋಡಗಳಲ್ಲಿ ಹೆಚ್ಚಿನವು ಮಳೆ ಕೊಡದೆಯೇ ಕರಗಿಹೋಗುತ್ತವೆ.

ಮೋಡದ ಹನಿಯ ಅಳತೆ ಸುಮಾರು 20 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಚೂರು ಮಾಡಿದರೆ ಒಂದು ಚೂರು ಒಂದು ಮೈಕ್ರಾನ್. ಸಾಮಾನ್ಯ ಮಳೆಹನಿ 2 ಮಿಲಿಮೀಟರ್ ಅಂದುಕೊಳ್ಳಿ. ಅಡ್ಡಳತೆಯಲ್ಲಿ ನೂರು ಪಟ್ಟು. ಅಂದರೆ ಗಾತ್ರದಲ್ಲಿ ನೂರು ಗುಣಿಸು ನೂರು ಗುಣಿಸು ನೂರು, ಹತ್ತು ಲಕ್ಷ! ಹತ್ತು ಲಕ್ಷ ಮೋಡಹನಿ ಸೇರಿದರೆ ಒಂದು ಮಳೆಹನಿ.

20 ಮೈಕ್ರಾನಿನ ಹನಿ ನಿಂತಿರುವುದಿಲ್ಲ, ಅದೂ ಬೀಳುತ್ತಲೇ ಇರುತ್ತದೆ. ಎಷ್ಟು ಜೋರಾಗಿ ಗೊತ್ತಾ? ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್. ಒಂದು ಕಿಲೋಮೀಟರ್ ಇಳಿಯಲು ಒಂದು ಇಡೀ ದಿನ ಬೇಕು. ಅಷ್ಟರಲ್ಲಿ ಕೆಳಗಿಂದ ಏರುವ ಗಾಳಿ ಅದನ್ನು ಮತ್ತೆ ಮೇಲಕ್ಕೆ ಒಯ್ದಿರುತ್ತದೆ. ತಪ್ಪಿಸಿಕೊಂಡು ಮೋಡದ ತಳ ದಾಟಿತು ಅನ್ನಿ, ಕೆಳಗಿನ ಒಣ ಗಾಳಿಯಲ್ಲಿ ಕ್ಷಣದಲ್ಲಿ ಆರಿಹೋಗುತ್ತದೆ. ಅದೇ 2 ಮಿಲಿಮೀಟರ್ ಹನಿ ಸೆಕೆಂಡಿಗೆ ಆರೂವರೆ ಮೀಟರ್ ಬೀಳುತ್ತದೆ, ಒಂದು ಕಿಲೋಮೀಟರಿಗೆ ಮೂರು ನಿಮಿಷವೂ ಬೇಡ. ದಾರಿಯಲ್ಲಿ ಸ್ವಲ್ಪ ಆರಿದರೂ ನೆಲ ಮುಟ್ಟುತ್ತದೆ.

"ಮೋಡ ಭಾರ ಆದಾಗ ಬೀಳುತ್ತದೆ" ಅನ್ನುವ ಶಾಲೆಯ ಮಾತು ಇಲ್ಲೇ ತಪ್ಪುವುದು. ಮೋಡ ಯಾವಾಗಲೂ ಭಾರವೇ. ಬಿಸಿಲಿನ ದಿನದ ಸಾದಾ ಹತ್ತಿ ಮೋಡದಲ್ಲಿ ಘನ ಮೀಟರಿಗೆ ಅರ್ಧ ಗ್ರಾಂ ನೀರು ಇರುತ್ತದೆ. ಒಂದು ಕಿಲೋಮೀಟರ್ ಉದ್ದ, ಅಗಲ, ಎತ್ತರದ ಮೋಡ ಆದರೆ ಒಟ್ಟು 500 ಟನ್ ನೀರು. ಆದರೆ ಅಷ್ಟೇ ಜಾಗದ ಗಾಳಿಯ ತೂಕ ಸುಮಾರು ಹತ್ತು ಲಕ್ಷ ಟನ್. ಅದರ ಮುಂದೆ ಈ ನೀರು ಲೆಕ್ಕಕ್ಕೇ ಇಲ್ಲ. ಹಾಗಾಗಿ ಕೇಳಬೇಕಾದ್ದು ಮೋಡ ಎಷ್ಟು ಭಾರ ಅಂತ ಅಲ್ಲ, ಅದರೊಳಗಿನ ಒಂದೊಂದು ಹನಿ ಎಷ್ಟು ದೊಡ್ಡದಾಯಿತು ಅಂತ.


ಕೊಡೆಮರೆತವ:

ಸರಿ ಮೇಡಂ, ಆವಿ ಅಂಟುತ್ತಲೇ ಇದ್ದರೆ ಹನಿ ದೊಡ್ಡದಾಗುತ್ತಾ ಹೋಗುತ್ತದಲ್ಲ, ಸ್ವಲ್ಪ ಹೊತ್ತು ಕಾದರೆ ಆಯಿತು?


ಆಕಾಶನೋಡುವವಳು:

ಆಗುವುದಿಲ್ಲ. ಶುರುವಿನಲ್ಲಿ ಬೇಗ ಬೆಳೆಯುತ್ತದೆ, ಆಮೇಲೆ ಬೆಳವಣಿಗೆ ನಿಧಾನ. ಬರೀ ಆವಿ ಅಂಟಿಕೊಂಡೇ ಮಳೆಹನಿ ಆಗಬೇಕಾದರೆ ದಿನಗಟ್ಟಲೆ ಬೇಕು, ಹೋದ ವಾರದ ಆ ಮೋಡ ಒಂದು ಗಂಟೆಯೊಳಗೆ ಹುಟ್ಟಿ ಮಳೆ ಸುರಿಸಿದೆ. ಇದಕ್ಕೆ ಬೇರೆ ದಾರಿ ಇದೆ, ಎರಡು.

ಒಂದು, ಗುಡುಗಪ್ಪ ಅವರ ಡಿಕ್ಕಿ. ಹನಿಗಳೆಲ್ಲ ಒಂದೇ ಗಾತ್ರ ಇದ್ದರೆ ಎಲ್ಲವೂ ಒಂದೇ ವೇಗದಲ್ಲಿ ಇಳಿಯುತ್ತವೆ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ನಡುವೆ ಕೆಲವು ದೊಡ್ಡವು ಇರಬೇಕು, ಅಡ್ಡಳತೆ 40 ಮೈಕ್ರಾನ್ ದಾಟಿದಂಥವು. ಅವು ಜೋರಾಗಿ ಇಳಿಯುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕವನ್ನು ನುಂಗುತ್ತವೆ. ನುಂಗಿದಷ್ಟೂ ದೊಡ್ಡದು, ದೊಡ್ಡದಾದಷ್ಟೂ ಜೋರು, ಜೋರಾದಷ್ಟೂ ಇನ್ನೂ ನುಂಗು. ಕಿಟಕಿ ಗಾಜಿನ ಮೇಲೆ ಒಂದು ಹನಿ ತಡೆದು ತಡೆದು ಇಳಿದು, ಇನ್ನೊಂದನ್ನು ಸೇರಿಸಿಕೊಂಡ ತಕ್ಷಣ ಸರ್ರನೆ ಓಡುತ್ತದಲ್ಲ, ಹಾಗೆ. ಮೋಡ ದಪ್ಪ ಇದ್ದರೆ ಓಡಲು ದಾರಿ ಉದ್ದ, ಹನಿ ಚೆನ್ನಾಗಿ ಬೆಳೆಯುತ್ತದೆ. ತೆಳ್ಳಗಿದ್ದರೆ ಶುರುವಾಗುವಷ್ಟರಲ್ಲೇ ದಾರಿ ಮುಗಿದಿರುತ್ತದೆ.

ನಿಮ್ಮ ನಿನ್ನೆಯ ಮೋಡ ನೋಡಿದರೆ ಚಾಪೆ ಹಾಸಿದ ಹಾಗಿತ್ತು ಅನ್ನಿಸುತ್ತದೆ. ಅಂಥದ್ದು ಕೆಲವು ನೂರು ಮೀಟರ್ ದಪ್ಪ ಇರುತ್ತದೆ, ಒಳಗೆ ಗಾಳಿ ಏರುವುದೂ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಸೂರ್ಯನನ್ನು ಮುಚ್ಚಲು ಅಷ್ಟು ಸಾಕು. ಮಳೆಗೆ ಸಾಲದು. ಬಹಳ ಅಂದರೆ ಕನ್ನಡಕದ ಮೇಲೆ ಕೂರುವಂಥ ತುಂತುರು.

ಇದಕ್ಕೆ ಇನ್ನೊಂದು ಸೇರಿಸಬೇಕು. ಸಂಶಯಪಿಶಾಚಿ ಹೇಳಿದ ಕಸದ ಚೂರು ಇಲ್ಲದಿದ್ದರೆ ಮೋಡ ಇಲ್ಲ, ನಿಜ. ಆದರೆ ಅದು ಅತಿಯಾದರೆ ಇರುವ ಆವಿಯನ್ನು ಜಾಸ್ತಿ ಜನ ಹಂಚಿಕೊಂಡ ಹಾಗೆ, ಪ್ರತಿಯೊಂದು ಹನಿಯೂ ಚಿಕ್ಕದಾಗಿಯೇ ಉಳಿಯುತ್ತದೆ, ನುಂಗುವ ದೊಡ್ಡ ಹನಿ ಹುಟ್ಟುವುದೇ ತಡವಾಗುತ್ತದೆ. ಸಮುದ್ರದ ಮೇಲಿನ ಶುಭ್ರ ಗಾಳಿಯಲ್ಲಿ ಕಸದ ಚೂರು ಕಡಿಮೆ, ಹನಿ ದೊಡ್ಡವು, ಗಿಡ್ಡ ಮೋಡವೂ ಮಳೆ ಕೊಡುತ್ತದೆ. ಹೊಗೆ ತುಂಬಿದ ಗಾಳಿಯಲ್ಲಿ ಅದೇ ಎತ್ತರದ ಮೋಡ ಸುಮ್ನೆ ಕೂತಿರುತ್ತದೆ.


ತಣ್ಣನೆಗಾಳಿ:

ಎರಡನೇ ದಾರಿ ನಾನು ಹೇಳಲಾ? ಇದು ನನಗೆ ಬಹಳ ಇಷ್ಟವಾದ ವಿಷಯ.

ನೀರು 0 ಡಿಗ್ರಿಗೆ ಗಟ್ಟಿಯಾಗುತ್ತದೆ ಅಂತ ಓದಿದ್ದೇವೆ. ಮೋಡದ ಹನಿಗಳು ಈ ಪಾಠ ಓದಿಲ್ಲ. ಮೈನಸ್ 10, ಮೈನಸ್ 20ರಲ್ಲೂ ಅವು ನೀರಾಗಿಯೇ ತೇಲುತ್ತಿರುತ್ತವೆ, ಸುಮಾರು ಮೈನಸ್ 38 ಮುಟ್ಟಿದ ಮೇಲೆ ಮಾತ್ರ ತಾವಾಗಿಯೇ ಗಟ್ಟಿಯಾಗುತ್ತವೆ. ಅದಕ್ಕಿಂತ ಮೊದಲು ಗಟ್ಟಿಯಾಗಲು ಮಂಜುಗಡ್ಡೆಯ ಹರಳಿಗೆ ಹೊಂದುವಂಥ ವಿಶೇಷ ಚೂರು ಬೇಕು, ಕೆಲವು ಜಾತಿಯ ಮಣ್ಣಿನ ಧೂಳು ಥರದ್ದು. ಅಂಥವು ಅಪರೂಪ. ಹಾಗಾಗಿ ಎತ್ತರದ ಮೋಡದಲ್ಲಿ ಲಕ್ಷಾಂತರ ನೀರಿನ ಹನಿಗಳ ನಡುವೆ ಅಲ್ಲೊಂದು ಇಲ್ಲೊಂದು ಮಂಜಿನ ಹರಳು ಹುಟ್ಟುತ್ತದೆ.

ಆ ಒಂದು ಹರಳು ಹುಟ್ಟಿತೋ, ಆಟ ಬದಲು. ನೀರಿನಿಂದ ಕಣಗಳು ಸುಲಭವಾಗಿ ಹಾರಿಹೋಗುತ್ತವೆ, ಹರಳಿನಿಂದ ಅಷ್ಟು ಸುಲಭ ಅಲ್ಲ, ಬಿಗಿಯಾಗಿ ಹಿಡಿದಿರುತ್ತವೆ. ಮೈನಸ್ 15ರಲ್ಲಿ ನೀರಿನ ಲೆಕ್ಕಕ್ಕೆ ಸರಿಯಾಗಿ 100% ಇರುವ ಗಾಳಿ, ಹರಳಿನ ಲೆಕ್ಕಕ್ಕೆ 115% ದಾಟಿರುತ್ತದೆ. ಹರಳು ಗಬಗಬ ಆವಿ ಎಳೆದುಕೊಳ್ಳುತ್ತದೆ. ಸುತ್ತಲಿನ ಗಾಳಿ ಒಣಗುತ್ತದೆ. ಆಗ ಪಕ್ಕದ ಹನಿಗಳು ಆರಿ ಆವಿಯಾಗಿ ಅದೇ ಹರಳಿನ ಬಾಯಿಗೆ ಹೋಗುತ್ತವೆ. ನಿಮಿಷಗಳಲ್ಲಿ ಹರಳು ಬೀಳುವಷ್ಟು ದೊಡ್ಡದು. ಬೀಳುತ್ತಾ ಇನ್ನಷ್ಟು ಹನಿಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ, ಕೆಳಗೆ ಬಿಸಿ ಗಾಳಿ ಸಿಕ್ಕಿದಾಗ ಕರಗಿ ಮಳೆಹನಿ ಆಗುತ್ತದೆ.

ಇದು ತಿಳಿದ ಕತೆಯೂ ಚೆನ್ನಾಗಿದೆ. ಸ್ವೀಡನ್ನಿನ ಟೋರ್ ಬರ್ಗೆರಾನ್ ಅನ್ನುವ ಹವಾಮಾನ ವಿಜ್ಞಾನಿ 1922ರಲ್ಲಿ ನಾರ್ವೆಯ ಓಸ್ಲೋ ಹತ್ತಿರದ ಒಂದು ಬೆಟ್ಟದಲ್ಲಿ ತಂಗಿದ್ದರು. ಕಾಡಿನ ದಾರಿಯಲ್ಲಿ ತಿರುಗಾಡುವಾಗ ಒಂದು ವಿಷಯ ಗಮನಿಸಿದರು. ಚಳಿ 0 ಡಿಗ್ರಿಗಿಂತ ಮೇಲಿದ್ದ ದಿನ ಮಂಜು ಮರಗಳ ನಡುವಿನ ನೆಲದವರೆಗೂ ಇಳಿದಿರುತ್ತಿತ್ತು. 0ಗಿಂತ ಚೆನ್ನಾಗಿ ಕೆಳಗಿದ್ದ ದಿನ ಮಂಜು ಮೇಲೆಯೇ ನಿಲ್ಲುತ್ತಿತ್ತು, ದಾರಿ ತಿಳಿಯಾಗಿರುತ್ತಿತ್ತು. ಕೊಂಬೆಗಳ ಮೇಲೆ ಕಟ್ಟಿದ್ದ ಮಂಜುಗಡ್ಡೆಯ ಹರಳು ಗಾಳಿಯ ಆವಿಯನ್ನೆಲ್ಲ ಎಳೆದುಕೊಂಡು ಹನಿಗಳನ್ನು ಆರಿಸಿಬಿಟ್ಟಿತ್ತು! ಮರಕ್ಕೆ ಆದದ್ದು ಮೋಡದೊಳಗೂ ಆಗಬೇಕಲ್ವಾ ಅಂತ ಅವರಿಗೆ ಹೊಳೆಯಿತು. ಖಂಡಗಳು ಸರಿಯುತ್ತವೆ ಅಂದ ಆಲ್ಫ್ರೆಡ್ ವೆಗೆನರ್ ಇದ್ದರಲ್ಲ, ಅವರು 1911ರಲ್ಲೇ ಇದರ ಸುಳಿವು ಬರೆದಿದ್ದರು. ಆಮೇಲೆ ವಾಲ್ಟರ್ ಫಿಂಡೈಸನ್ ಇದನ್ನು ಮುಂದುವರಿಸಿದರು. ಈಗ ಮೂವರ ಹೆಸರನ್ನೂ ಸೇರಿಸಿ ಹೇಳುತ್ತಾರೆ.


ಗುಡುಗಪ್ಪ:

ತಡೀರಿ ತಡೀರಿ. ಅಂದರೆ ಆ 35 ಡಿಗ್ರಿ ಸೆಖೆಯ ದಿನ ಇವರ ತಲೆ ಮೇಲೆ ಬಿದ್ದ ಮಳೆ ಮೇಲೆ ಹಿಮವಾಗಿತ್ತು ಅಂತೀರಾ?


ತಣ್ಣನೆಗಾಳಿ:

ಬಹುಪಾಲು ಹೌದು! ಅಂಥ ಗುಡುಗು ಮೋಡದ ತಲೆ 10 ಕಿಲೋಮೀಟರ್ ದಾಟಿರುತ್ತದೆ, ಅಲ್ಲಿ ಮೈನಸ್ 40ರ ಆಸುಪಾಸು. ಸುರಿದ ನೀರಿನಲ್ಲಿ ದೊಡ್ಡ ಪಾಲು ಅರ್ಧ ದಾರಿಯಲ್ಲಿ ಕರಗಿದ ಮಂಜುಗಡ್ಡೆ. ಕರಗಲು ಪುರುಸೊತ್ತು ಸಿಗದಷ್ಟು ದೊಡ್ಡದಾಗಿದ್ದರೆ ಅದೇ ಆಲಿಕಲ್ಲು. ಗಾಳಿ ಅದನ್ನು ಮೇಲೆ ಹಿಡಿದುಕೊಂಡಷ್ಟು ಹೊತ್ತು ತಣ್ಣನೆ ಹನಿಗಳು ಮೈಮೇಲೆ ಹೆಪ್ಪುಗಟ್ಟುತ್ತಾ ಹೋಗುತ್ತವೆ. 2010ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಬಿದ್ದ ಒಂದು ಕಲ್ಲು 20 ಸೆಂಟಿಮೀಟರ್ ಅಗಲ ಇತ್ತು, ತೂಕ ಮುಕ್ಕಾಲು ಕಿಲೋಗಿಂತ ಜಾಸ್ತಿ. ಅದನ್ನು ಎತ್ತಿ ಹಿಡಿದ ಗಾಳಿ ಎಷ್ಟು ಜೋರಿರಬೇಕು ನೀವೇ ಯೋಚಿಸಿ.


ಹನಿಲೆಕ್ಕ:

ಆ ಜೋರು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚಾಪೆ ಮೋಡಕ್ಕೂ ಗೋಪುರ ಮೋಡಕ್ಕೂ ವ್ಯತ್ಯಾಸ ಯಾಕೆ ಅಂತ ಗೊತ್ತಾಗುವುದಿಲ್ಲ.

ನೀರು ಆವಿಯಾಗುವಾಗ ಶಾಖ ತಗೊಂಡಿರುತ್ತದೆ. ಮತ್ತೆ ಹನಿಯಾಗುವಾಗ ಆ ಸಾಲ ವಾಪಸ್ ಕೊಡುತ್ತದೆ. ಒಂದು ಲೀಟರ್ ನೀರಾಗುವಷ್ಟು ಆವಿ ಹನಿಯಾದರೆ ಹೊರಬರುವ ಶಾಖದಲ್ಲಿ 0 ಡಿಗ್ರಿಯ ಆರು ಲೀಟರ್ ನೀರನ್ನು 100 ಡಿಗ್ರಿಗೆ ತರಬಹುದು! ಇದು ಸಿಗುವುದು ಏರುತ್ತಿರುವ ಗಾಳಿಗೆ. ಅದಕ್ಕೇ ಮೋಡದ ಒಳಗೆ ಗಾಳಿ ಕಿಲೋಮೀಟರಿಗೆ 10 ಡಿಗ್ರಿ ತಣ್ಣಗಾಗುವುದಿಲ್ಲ, ಕೆಳಗಿನ ಬೆಚ್ಚನೆ ಪದರಗಳಲ್ಲಿ 5 ಡಿಗ್ರಿಯ ಆಸುಪಾಸು ಅಷ್ಟೇ. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಇದು ಹಗುರ, ಇನ್ನೂ ಏರುತ್ತದೆ. ಏರಿದರೆ ಇನ್ನೂ ಹನಿ, ಇನ್ನೂ ಶಾಖ. ತನ್ನ ಸೌದೆ ತಾನೇ ಹೊತ್ತುಕೊಂಡು ಹೋಗುವ ಒಲೆ ಅನ್ನಿ. ಹೋದ ವಾರ ಘನ ಮೀಟರಿಗೆ 20 ಗ್ರಾಂ ಸೌದೆ ಇತ್ತು, ಹೊತ್ತಿಸಲು ಕಾದ ನೆಲವೂ ಇತ್ತು. ನಿನ್ನೆ ಸೌದೆ ಇತ್ತು, ಆದರೆ ನೆಲ ಕಾಯಲು ಬಿಸಿಲೇ ಬೀಳಲಿಲ್ಲ, ಮೋಡವೇ ಅಡ್ಡ ನಿಂತಿತ್ತು. ಮೇಲೆ ಬೆಚ್ಚನೆ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿದ್ದರಂತೂ ಕೇಳಲೇಬೇಡಿ.

ಕಾದ ನೆಲ ಒಂದೇ ದಾರಿ ಅಲ್ಲ. ಬೆಟ್ಟಕ್ಕೆ ತಾಗಿದ ಗಾಳಿ ಏರಲೇಬೇಕು. ತಣ್ಣನೆ ಗಾಳಿ ಕೆಳಗೆ ನುಗ್ಗಿದರೆ ಬೆಚ್ಚನೆಯದು ಮೇಲೇರುತ್ತದೆ. ನಾಲ್ಕು ಕಡೆಯಿಂದ ಗಾಳಿ ಒಂದೇ ಜಾಗಕ್ಕೆ ಬಂದು ಸೇರಿದರೂ ಹೋಗಲು ಉಳಿಯುವ ದಾರಿ ಮೇಲಿನದೇ.

ಅಂದ ಹಾಗೆ, ನಿಮ್ಮ ತಲೆ ಮೇಲಿನ ಆಕಾಶದ ಆವಿಯನ್ನೆಲ್ಲ ಹಿಂಡಿದರೆ ಎಷ್ಟು ಮಳೆ ಆಗಬಹುದು ಅಂದುಕೊಂಡಿದ್ದೀರಿ? ಇಡೀ ಭೂಮಿಯ ಸರಾಸರಿ ಬರೀ 25 ಮಿಲಿಮೀಟರ್. ಆದರೂ ಒಂದೇ ದಿನ 100, 200 ಮಿಲಿಮೀಟರ್ ಬೀಳುತ್ತದಲ್ಲ, ಅದು ಯಾಕೆಂದರೆ ಮೋಡ ನೀರು ತುಂಬಿದ ತೊಟ್ಟಿ ಅಲ್ಲ, ಪಂಪು. ಸುತ್ತಲಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ಹಿಂಡುತ್ತಲೇ ಇರುತ್ತದೆ.


ಸಂಶಯಪಿಶಾಚಿ:

ಸೌದೆ ಒಲೆ ಚೆನ್ನಾಗಿದೆ. ಒಂದು ಪುಟ್ಟ ಸೇರ್ಪಡೆ. ಮಳೆಹನಿಯ ಚಿತ್ರ ಬರೆಯುವಾಗ ಎಲ್ಲರೂ ಮೇಲೆ ಚೂಪು, ಕೆಳಗೆ ದುಂಡು ಬರೆಯುತ್ತಾರೆ. ಹಾಗಿರುವ ಹನಿ ನಲ್ಲಿ ತುದಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಚಿಕ್ಕ ಹನಿ ಪೂರ್ತಿ ದುಂಡಗೆ, ದೊಡ್ಡದು ಗಾಳಿಯ ಒತ್ತಡಕ್ಕೆ ತಳ ಚಪ್ಪಟೆಯಾದ ಬನ್ನಿನ ಹಾಗೆ. ಐದಾರು ಮಿಲಿಮೀಟರ್ ಆಗುವಷ್ಟರಲ್ಲಿ ಒಡೆದು ಚೂರಾಗುತ್ತದೆ. ಹನಿ ಅಳೆಯಲು ವಿಲ್ಸನ್ ಬೆಂಟ್ಲಿ ಅನ್ನುವ ಅಮೆರಿಕದ ರೈತ ಮಾಡಿದ ಉಪಾಯ ಗೊತ್ತಾ? ತಟ್ಟೆಯಲ್ಲಿ ನುಣ್ಣನೆ ಹಿಟ್ಟು ಹರಡಿ ಕೆಲವು ಸೆಕೆಂಡು ಮಳೆಗೆ ಒಡ್ಡುವುದು. ಪ್ರತಿ ಹನಿ ಬಿದ್ದ ಕಡೆ ಒಂದು ಹಿಟ್ಟಿನ ಉಂಡೆ. ಒಣಗಿದ ಮೇಲೆ ಉಂಡೆ ಅಳೆದರೆ ಹನಿಯ ಗಾತ್ರ ಗೊತ್ತಾಯಿತು. ಅವರು ಇದನ್ನು 1904ರಲ್ಲಿ ಪ್ರಕಟಿಸಿದರು. ಖರ್ಚು ಒಂದು ಹಿಡಿ ಹಿಟ್ಟು.


ಗುಡುಗಪ್ಪ:

ಹಾಗಾದರೆ ಮೋಡಕ್ಕೆ ಔಷಧಿ ಹೊಡೆದು ಮಳೆ ಬರಿಸುತ್ತಾರಲ್ಲ, ಅದು ಇದೇನಾ? ನಿನ್ನೆಯ ಮೋಡಕ್ಕೂ ಹೊಡೆದಿದ್ದರೆ ಆಗುತ್ತಿತ್ತಾ?


ತಣ್ಣನೆಗಾಳಿ:

ಇದೇ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಒಂದು ಫ್ರೀಜರ್ ಡಬ್ಬಿಯಲ್ಲಿ ಉಸಿರು ಬಿಟ್ಟು ಪುಟ್ಟ ಮೋಡ ಮಾಡಿ ಆಟ ಆಡುತ್ತಿದ್ದರು. ಡಬ್ಬಿ ಸಾಕಷ್ಟು ತಣ್ಣಗಿಲ್ಲ ಅಂತ ಒಂದು ತುಂಡು ಡ್ರೈ ಐಸ್ (ಗಟ್ಟಿ ರೂಪದ ಕಾರ್ಬನ್ ಡೈಆಕ್ಸೈಡ್) ಹಾಕಿದರು. ಫಳಫಳ ಅಂತ ಡಬ್ಬಿ ತುಂಬ ಹರಳು. ಅದೇ ವರ್ಷ ನವೆಂಬರ್ 13ರಂದು ವಿಮಾನದಿಂದ ಡ್ರೈ ಐಸ್ ಉದುರಿಸಿದಾಗ ಮೋಡದಿಂದ ಹಿಮ ಇಳಿಯಿತು, ನೆಲ ಮುಟ್ಟುವ ಮೊದಲೇ ಆರಿಹೋಯಿತು ಅನ್ನುವುದು ಬೇರೆ ಮಾತು. ಅವರ ಜೊತೆಗಿದ್ದ ಬರ್ನಾರ್ಡ್ ವೊನೆಗಟ್ ಸಿಲ್ವರ್ ಅಯೋಡೈಡ್ ಅನ್ನುವ ಬೆಳ್ಳಿಯ ಸಂಯುಕ್ತ ಹುಡುಕಿದರು, ಅದರ ಹರಳು ಮಂಜಿನ ಹರಳಿಗೆ ಬಹಳ ಹತ್ತಿರ.

ಆದರೆ ಇದರಿಂದ ಮೋಡ ಹುಟ್ಟುವುದಿಲ್ಲ. 0ಗಿಂತ ತಣ್ಣಗಿದ್ದೂ ಗಟ್ಟಿಯಾಗದ ನೀರು ಆಗಲೇ ಮೋಡದಲ್ಲಿ ಇರಬೇಕು, ನೀವು ಬರೀ ಚೂರು ಕೊಡುತ್ತೀರಿ. ನಿನ್ನೆಯದು 20 ಡಿಗ್ರಿ ನೆಲದ ಮೇಲೆ ತಗ್ಗಿನಲ್ಲಿದ್ದ ತೆಳು ಮೋಡ, ಪೂರ್ತಿ 0ಗಿಂತ ಬೆಚ್ಚಗಿದ್ದದ್ದು. ಅದಕ್ಕೆ ಸಿಲ್ವರ್ ಅಯೋಡೈಡ್ ಹೊಡೆದಿದ್ದರೆ ಬೆಳ್ಳಿ ದಂಡ. ಬೆಚ್ಚನೆ ಮೋಡಕ್ಕೆ ಉಪ್ಪಿನ ಪುಡಿ ಹಾಕುವ ಕ್ರಮವೂ ಇದೆ, ಅದಕ್ಕೂ ಮೋಡ ದಪ್ಪ ಇರಲೇಬೇಕು. ಒಳ್ಳೆಯ ಮೋಡ ಸಿಕ್ಕರೂ ಹಾಕದಿದ್ದರೆ ಎಷ್ಟು ಬರುತ್ತಿತ್ತು ಅಂತ ಅಳೆಯುವುದು ಕಷ್ಟ, ಅದಕ್ಕೇ ಲಾಭದ ಲೆಕ್ಕದಲ್ಲಿ ಜಗಳ ಇನ್ನೂ ಮುಗಿದಿಲ್ಲ.


ಕೊಡೆಮರೆತವ:

ಎಲ್ಲ ಸರಿ. ಈಗ ಸೀದಾ ಹೇಳಿ, ನಾಳೆ ಆಕಾಶ ನೋಡಿ ಕೊಡೆ ತಗೊಳ್ಳಬೇಕಾ ಬೇಡವಾ ಅಂತ ನಾನೇ ಹೇಗೆ ಹೇಳುವುದು?


ಆಕಾಶನೋಡುವವಳು:

ಶೇಕಡಾ ಬಿಟ್ಟುಬಿಡಿ. ಬೆಳಗ್ಗೆ ಇಬ್ಬನಿ ಬಿಂದು ನೋಡಿ, 20 ದಾಟಿದ್ದರೆ ಸೌದೆ ಚೆನ್ನಾಗಿದೆ. ಆಮೇಲೆ ಮೋಡದ ಅಗಲ ನೋಡಬೇಡಿ, ಎತ್ತರ ನೋಡಿ. ಅಗಲಕ್ಕಿಂತ ಎತ್ತರ ಜಾಸ್ತಿ ಆಗುತ್ತಿದೆಯಾ ಅಂತ. ತಳ ಕಪ್ಪಾಗುತ್ತಿದ್ದರೆ ಮೋಡ ದಪ್ಪ ಆಗುತ್ತಿದೆ, ಬೆಳಕು ದಾಟಿ ಬರುತ್ತಿಲ್ಲ ಅಂತ. ಮೋಡದ ಕೆಳಗೆ ಬೂದು ಎಳೆಗಳು ಜೋತುಬಿದ್ದು ನೆಲ ಮುಟ್ಟದೆ ಮಾಯ ಆಗುತ್ತಿದ್ದರೆ ಮಳೆ ಶುರುವಾಗಿದೆ, ಆದರೆ ಕೆಳಗಿನ ಒಣ ಗಾಳಿ ಕುಡಿಯುತ್ತಿದೆ.

ಎಲ್ಲಕ್ಕಿಂತ ಒಳ್ಳೆ ಗುರುತು ಮೋಡದ ತಲೆ. ಹೂಕೋಸಿನ ಹಾಗೆ ಅಂಚು ಚೂಪಾಗಿ, ಕತ್ತರಿಸಿದ ಹಾಗೆ ಸ್ಪಷ್ಟವಾಗಿದೆ ಅಂದರೆ ಅಲ್ಲಿರುವುದು ಇನ್ನೂ ನೀರಿನ ಹನಿ. ಅದು ನೋಡುತ್ತಾ ನೋಡುತ್ತಾ ಅಂಚು ಕಳೆದುಕೊಂಡು, ಉಣ್ಣೆ ಹಿಂಜಿದ ಹಾಗೆ ಎಳೆ ಎಳೆಯಾಯಿತು ಅಂದರೆ ಮಂಜಿನ ಹರಳು ಹುಟ್ಟಿಬಿಟ್ಟಿದೆ. ಅದು ನಿಮ್ಮ ಕಡೆಗೇ ಬರುತ್ತಿದ್ದರೆ ಕೊಡೆ ಹುಡುಕಲು ಸಮಯ ಕಡಿಮೆ.


ಕೊಡೆಮರೆತವ:

ಇವತ್ತು ಮೂರೂವರೆಗೆ ಒಂದು ಹೂಕೋಸು ಎದ್ದಿತು ಮೇಡಂ. ಮಾಳಿಗೆ ಮೇಲೆ ನಿಂತು ಅದು ಉಣ್ಣೆ ಆಗುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಆಯಿತು. ಪೂರ್ತಿ ನೆನೆದೆ. ಕೊಡೆ ಕೆಳಗಿತ್ತು.